ಎರ್ನ್‌ಸ್ಟ್ ಅಲೆಕ್ಸಾಂಡರ್ಸನ್

ಎರ್ನ್‌ಸ್ಟ್ ಫ್ರೆಡ್ರಿಕ್ ವೆರ್ನರ್ ಅಲೆಕ್ಸಾಂಡರ್ಸನ್ (ಜನವರಿ 25, 1878 – ಮೇ 14, 1975) ಸ್ವೀಡನ್ ಮೂಲದ ಅಮೆರಿಕನ್ ವಿದ್ಯುತ್ ಎಂಜಿನಿಯರ್ ಹಾಗೂ ರೇಡಿಯೊ ಮತ್ತು ದೂರದರ್ಶನ ತಂತ್ರಜ್ಞಾನದ ಆದ್ಯ ಪ್ರವರ್ತಕರಲ್ಲಿ ಒಬ್ಬರು. ರೇಡಿಯೊ ಅಲೆಗಳನ್ನು ನೇರವಾಗಿ ಉತ್ಪಾದಿಸುವ ಬೃಹತ್ ಪರ್ಯಾಯ ವಿದ್ಯುಜ್ಜನಕವನ್ನು ರೂಪಿಸಿದ ಕೀರ್ತಿ ಇವರದು. ಈ ಯಂತ್ರವನ್ನು ಇವರ ಹೆಸರಿನಿಂದಲೇ ಅಲೆಕ್ಸಾಂಡರ್ಸನ್ ಆಲ್ಟರ್ನೇಟರ್ ಎಂದು ಕರೆಯುತ್ತಾರೆ. ಅತಿ ಕಡಿಮೆ ಆವೃತ್ತಿಯ ಅಲೆಗಳ ಮೂಲಕ ಸಾಗರದಾಚೆಗೆ ಸಂದೇಶ ಕಳುಹಿಸಲು ಮೊದಲ ಮಹಾಯುದ್ಧದ ಕಾಲದಲ್ಲಿ ಇದಕ್ಕಿಂತ ನಂಬಿಕಸ್ಥ ಸಾಧನಗಳು ವಿರಳವಾಗಿದ್ದವು. ಇಂತಹ ಯಂತ್ರಗಳ ಪೈಕಿ ಚಾಲನೆಯಲ್ಲಿ ಉಳಿದಿರುವ ಒಂದೇ ಒಂದು ಯಂತ್ರವು ಸ್ವೀಡನ್ನಿನ ಗ್ರಿಮೆಟಾನ್‌ನಲ್ಲಿದ್ದು, ಅದರ ಸಂಕೇತವನ್ನು ಹವ್ಯಾಸಿ ರೇಡಿಯೊ ಆಸಕ್ತರು ಇಂದಿಗೂ ಆಲಿಸುತ್ತಾರೆ.

ಜನನ ಮತ್ತು ವಿದ್ಯಾಭ್ಯಾಸ

ಅಲೆಕ್ಸಾಂಡರ್ಸನ್ ಅವರು 1878ರ ಜನವರಿ 25ರಂದು ಸ್ವೀಡನ್ನಿನ ಉಪ್ಸಾಲ ನಗರದಲ್ಲಿ ಜನಿಸಿದರು. ತಂದೆ ಪ್ರಾಚೀನ ಭಾಷೆಗಳ ವಿದ್ವಾಂಸರಾಗಿದ್ದು, ಮುಂದೆ ಲುಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆದುದರಿಂದ ಬಾಲಕನ ವಿದ್ಯಾಭ್ಯಾಸವು ಲುಂಡ್ ನಗರದಲ್ಲಿ ನಡೆಯಿತು. ಮನೆಯಲ್ಲಿ ಸಾಹಿತ್ಯ ಮತ್ತು ಭಾಷೆಗಳ ವಾತಾವರಣವಿದ್ದರೂ ಮಗನ ಒಲವು ಯಂತ್ರಗಳ ಕಡೆಗಿತ್ತು. ಲುಂಡ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿದ ಬಳಿಕ ಅವರು ಸ್ಟಾಕ್‌ಹೋಮ್‌ನ ರಾಯಲ್ ತಾಂತ್ರಿಕ ಸಂಸ್ಥೆಯನ್ನು ಸೇರಿ 1900ರಲ್ಲಿ ಪದವಿ ಪಡೆದರು. ಅನಂತರ ಬರ್ಲಿನ್ನಿನ ಶಾರ್ಲಟನ್‌ಬುರ್ಗ್ ತಾಂತ್ರಿಕ ವಿದ್ಯಾಲಯದಲ್ಲಿ, ಜರ್ಮನಿಯ ನಿಸ್ತಂತು ಸಂಶೋಧಕ ಅಡಾಲ್ಫ್ ಸ್ಲಾಬಿ ಅವರ ಬಳಿ ಹೆಚ್ಚಿನ ವ್ಯಾಸಂಗ ಮಾಡಿದರು.

ಅಮೆರಿಕದಲ್ಲಿ

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಜ್ ಅವರು ಪರ್ಯಾಯ ವಿದ್ಯುತ್ತಿನ ಸಿದ್ಧಾಂತವನ್ನು ಕುರಿತು ಬರೆದ ಗ್ರಂಥವು ತರುಣ ಅಲೆಕ್ಸಾಂಡರ್ಸನ್ ಅವರ ಮೇಲೆ ಗಾಢ ಪ್ರಭಾವ ಬೀರಿತು. ಆ ಲೇಖಕರ ಕೈಕೆಳಗೆ ಕೆಲಸ ಮಾಡಬೇಕೆಂಬ ಹಂಬಲದಿಂದ ಅವರು 1901ರಲ್ಲಿ ಅಮೆರಿಕಕ್ಕೆ ತೆರಳಿದರು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ನಗರದಲ್ಲಿ ಸ್ಟೈನ್‌ಮೆಟ್ಜ್ ಅವರನ್ನು ಕಂಡರು. 1902ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅವರಿಗೆ ಉದ್ಯೋಗ ದೊರೆಯಿತು. ಅವರ ವೃತ್ತಿಜೀವನದ ಬಹುಭಾಗವು ಈ ಒಂದೇ ಊರಿನಲ್ಲಿ ಕಳೆಯಿತು.

ಫೆಸೆಂಡೆನ್ ಅವರ ಬೇಡಿಕೆ

ಆ ಕಾಲದ ನಿಸ್ತಂತು ಕೇಂದ್ರಗಳು ವಿದ್ಯುತ್ ಕಿಡಿಯನ್ನು ಹಾರಿಸಿ ಅಲೆಗಳನ್ನು ಹೊರಡಿಸುತ್ತಿದ್ದವು. ಪ್ರತಿಯೊಂದು ಕಿಡಿಯಿಂದ ಹುಟ್ಟಿದ ಅಲೆಯು ಬಡಿದ ಗಂಟೆಯ ನಾದದಂತೆ ಕ್ಷಣಮಾತ್ರದಲ್ಲಿ ಕ್ಷೀಣಿಸುತ್ತಿತ್ತು. ಇಂತಹ ಅಲೆಗಳಿಂದ ಮೋರ್ಸ್ ಸಂಕೇತದ ಚುಕ್ಕೆ ಮತ್ತು ಗೆರೆಗಳನ್ನು ಕಳುಹಿಸಬಹುದಾಗಿದ್ದರೂ ಮನುಷ್ಯನ ಧ್ವನಿಯನ್ನು ಸ್ಪಷ್ಟವಾಗಿ ಸಾಗಿಸುವುದು ಸಾಧ್ಯವಿರಲಿಲ್ಲ. ಧ್ವನಿಯನ್ನು ಹೊರಲು ಏರಿಳಿತವಿಲ್ಲದೆ ನಿರಂತರವಾಗಿ ಹೊಮ್ಮುವ ಅಲೆ ಬೇಕೆಂಬುದನ್ನು ಕೆನಡಾ ಮೂಲದ ಸಂಶೋಧಕ ರೆಜಿನಾಲ್ಡ್ ಫೆಸೆಂಡೆನ್ ಮನಗಂಡಿದ್ದರು. ಅವರು ಸೆಕೆಂಡಿಗೆ 1,00,000 ಆವರ್ತನಗಳ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವೊಂದನ್ನು ತಯಾರಿಸಿಕೊಡುವಂತೆ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಕೇಳಿದರು. ಅಮೆರಿಕದ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತಿನ ಆವರ್ತನವು ಸೆಕೆಂಡಿಗೆ 60 ಮಾತ್ರವೆಂಬುದನ್ನು ನೆನೆದರೆ ಈ ಬೇಡಿಕೆ ಎಷ್ಟು ಕಠಿಣವಾದುದೆಂದು ತಿಳಿಯುತ್ತದೆ. 1904ರಲ್ಲಿ ಈ ಕೆಲಸವು ಅಲೆಕ್ಸಾಂಡರ್ಸನ್ ಅವರ ಪಾಲಿಗೆ ಬಂದಿತು.

ಯಂತ್ರದ ಸ್ಥಿರಭಾಗದಲ್ಲಿ ಕಬ್ಬಿಣವನ್ನು ಬಳಸಬೇಕೆಂಬುದು ಅಲೆಕ್ಸಾಂಡರ್ಸನ್ ಅವರ ಅಭಿಪ್ರಾಯ. ಮರವನ್ನು ಬಳಸಬೇಕೆಂಬುದು ಫೆಸೆಂಡೆನ್ ಅವರ ಹಟ. ಮೊದಲ ಯಂತ್ರವು ಫೆಸೆಂಡೆನ್ ಅವರ ಇಚ್ಛೆಯಂತೆಯೇ ಸಿದ್ಧವಾಗಿ 1906ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಂಟ್ ರಾಕ್ ಕೇಂದ್ರವನ್ನು ತಲುಪಿತು. ಅದೇ ವರ್ಷದ ಡಿಸೆಂಬರ್ 21ರಂದು ಫೆಸೆಂಡೆನ್ ಅಲ್ಲಿಂದ ಸುಮಾರು 11 ಮೈಲಿ ದೂರದ ಪ್ಲಿಮತ್‌ಗೆ ಧ್ವನಿಯನ್ನು ರವಾನಿಸಿ ತೋರಿಸಿದರು. ಮೂರು ದಿನಗಳ ಅನಂತರ, ಕ್ರಿಸ್‌ಮಸ್ ಮುನ್ನಾದಿನದಂದು, ಸಂಗೀತ ಮತ್ತು ಮಾತುಗಳನ್ನು ಸಮುದ್ರದ ಹಡಗುಗಳಿಗೆ ಪ್ರಸಾರ ಮಾಡಿದರೆಂಬ ಪ್ರತೀತಿಯೂ ಇದೆ. ಆ ಪ್ರಸಾರದ ವಿಚಾರವಾಗಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅಲೆಕ್ಸಾಂಡರ್ಸನ್ ಅವರು ಮುಂದಿನ ಯಂತ್ರಗಳಲ್ಲಿ ತಮ್ಮ ಮೂಲ ವಿನ್ಯಾಸಕ್ಕೆ ಮರಳಿ ಕಬ್ಬಿಣವನ್ನೇ ಬಳಸಿದರು.

ಯಂತ್ರದ ಕಾರ್ಯವಿಧಾನ

ಅಲೆಕ್ಸಾಂಡರ್ಸನ್ ಯಂತ್ರದ ಮುಖ್ಯ ಭಾಗವು ಅತಿ ವೇಗವಾಗಿ ತಿರುಗುವ ಉಕ್ಕಿನ ತಟ್ಟೆ. ಈ ತಟ್ಟೆಯ ಮೇಲೆ ತಂತಿಯ ಸುರುಳಿಗಳಿರುವುದಿಲ್ಲ. ಸುರುಳಿಗಳೆಲ್ಲವೂ ಸ್ಥಿರಭಾಗದಲ್ಲಿ ಇರುತ್ತವೆ. ಹೀಗಾಗಿ ವೇಗ ಎಷ್ಟೇ ಹೆಚ್ಚಿದರೂ ತಂತಿಗಳು ಕಿತ್ತು ಹಾರುವ ಭಯವಿಲ್ಲ. ತಟ್ಟೆಯ ಅಂಚಿನ ಸುತ್ತಲೂ ನೂರಾರು ಸೀಳುಗಳಿರುತ್ತವೆ. ತಟ್ಟೆ ತಿರುಗಿದಾಗ ಉಕ್ಕಿನ ಹಲ್ಲುಗಳೂ ಸೀಳುಗಳೂ ಒಂದಾದ ಮೇಲೊಂದರಂತೆ ಸುರುಳಿಗಳ ಮುಂದೆ ಹಾದುಹೋಗುತ್ತವೆ. ಇದರಿಂದ ಕಾಂತಪ್ರವಾಹವು ಏರಿಳಿದು ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ ಹುಟ್ಟುತ್ತದೆ. ಗಾಳಿಯ ಘರ್ಷಣೆಯನ್ನು ತಗ್ಗಿಸಲು ಸೀಳುಗಳನ್ನು ಹಿತ್ತಾಳೆಯಿಂದ ತುಂಬಿ ಅಂಚನ್ನು ನುಣುಪಾಗಿಸಲಾಗುತ್ತದೆ.

ಸೀಳುಗಳ ಸಂಖ್ಯೆಯನ್ನು ಸೆಕೆಂಡಿಗೆ ಆಗುವ ಸುತ್ತುಗಳಿಂದ ಗುಣಿಸಿದರೆ ಯಂತ್ರದ ಆವೃತ್ತಿ ದೊರೆಯುತ್ತದೆ. ಉದಾಹರಣೆಗೆ, ಗ್ರಿಮೆಟಾನ್‌ನ ಯಂತ್ರದ ತಟ್ಟೆಯು 1.6 ಮೀಟರ್ ವ್ಯಾಸ ಉಳ್ಳದ್ದಾಗಿದ್ದು, 488 ಸೀಳುಗಳನ್ನು ಹೊಂದಿದೆ. ಅದು ನಿಮಿಷಕ್ಕೆ 2,115 ಸುತ್ತು, ಅಂದರೆ ಸೆಕೆಂಡಿಗೆ 35.25 ಸುತ್ತು ತಿರುಗುತ್ತದೆ. ಇವೆರಡನ್ನೂ ಗುಣಿಸಿದಾಗ ಸುಮಾರು 17,200 ಹರ್ಟ್ಸ್, ಅಂದರೆ 17.2 ಕಿಲೋಹರ್ಟ್ಸ್ ಬರುತ್ತದೆ. ತಟ್ಟೆಯ ವೇಗವು ತುಸು ಬದಲಾದರೂ ಆವೃತ್ತಿಯೂ ಬದಲಾಗಿ ಆಂಟೆನಾದೊಡನೆ ಹೊಂದಾಣಿಕೆ ತಪ್ಪುತ್ತದೆ. ಆದುದರಿಂದ ವೇಗವನ್ನು ಕಟ್ಟುನಿಟ್ಟಾಗಿ ಒಂದೇ ಸಮನೆ ಕಾಯ್ದುಕೊಳ್ಳುವ ವ್ಯವಸ್ಥೆಯನ್ನೂ ಅವರು ರೂಪಿಸಬೇಕಾಯಿತು.

ಯಂತ್ರದಷ್ಟೇ ಮಹತ್ವದ ಇನ್ನೆರಡು ಸಮಸ್ಯೆಗಳನ್ನು ಅವರು ಪರಿಹರಿಸಿದರು. ಮೊದಲನೆಯದು, ನೂರಾರು ಕಿಲೋವ್ಯಾಟ್ ಶಕ್ತಿಯನ್ನು ಟೆಲಿಗ್ರಾಫ್ ಕೀಲಿಯ ಸಣ್ಣ ವಿದ್ಯುತ್ತಿನಿಂದ ಹತೋಟಿಯಲ್ಲಿಡುವುದು. ಇದಕ್ಕಾಗಿ ಅವರು ಕಾಂತೀಯ ವರ್ಧಕವನ್ನು ರೂಪಿಸಿದರು. ಎರಡನೆಯದು ಆಂಟೆನಾದ ಸಮಸ್ಯೆ. 17.2 ಕಿಲೋಹರ್ಟ್ಸ್ ಅಲೆಯ ತರಂಗದೂರವು 17 ಕಿಲೋಮೀಟರಿಗಿಂತ ಹೆಚ್ಚು. ಅದರ ಕಾಲುಭಾಗದಷ್ಟು, ಅಂದರೆ 4 ಕಿಲೋಮೀಟರಿಗೂ ಎತ್ತರದ ಗೋಪುರವನ್ನು ಕಟ್ಟುವುದು ಅಸಾಧ್ಯ. ಗಿಡ್ಡ ಆಂಟೆನಾ ಬಳಸಿದರೆ ಶಕ್ತಿಯ ಬಹುಪಾಲು ನೆಲದಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಅಲೆಕ್ಸಾಂಡರ್ಸನ್ ಅವರು ಉದ್ದನೆಯ ಆಂಟೆನಾವನ್ನು ಒಂದೇ ಕಡೆಯಲ್ಲಿ ನೆಲಕ್ಕೆ ಜೋಡಿಸದೆ ಹಲವು ಕಡೆಗಳಲ್ಲಿ ಪ್ರತ್ಯೇಕ ಸುರುಳಿಗಳ ಮೂಲಕ ಜೋಡಿಸಿ ಈ ನಷ್ಟವನ್ನು ಬಹಳಷ್ಟು ತಗ್ಗಿಸಿದರು.

ಮೊದಲ ಮಹಾಯುದ್ಧ ಮತ್ತು ಆರ್‌ಸಿಎ ಸ್ಥಾಪನೆ

1915ರಲ್ಲಿ ಗುಗ್ಲಿಯೆಲ್ಮೊ ಮಾರ್ಕೋನಿ ಅವರು ಸ್ಕೆನೆಕ್ಟಡಿಗೆ ಬಂದು ಯಂತ್ರವನ್ನು ವೀಕ್ಷಿಸಿದರು. 1917ರಲ್ಲಿ ನ್ಯೂಜೆರ್ಸಿ ರಾಜ್ಯದ ನ್ಯೂ ಬ್ರನ್ಸ್‌ವಿಕ್ ಕೇಂದ್ರದಲ್ಲಿ 50 ಕಿಲೋವ್ಯಾಟ್ ಸಾಮರ್ಥ್ಯದ ಯಂತ್ರವನ್ನೂ ಮರುವರ್ಷ 200 ಕಿಲೋವ್ಯಾಟ್ ಸಾಮರ್ಥ್ಯದ ಯಂತ್ರವನ್ನೂ ಅಳವಡಿಸಲಾಯಿತು. ಯುದ್ಧಕಾಲದಲ್ಲಿ ಈ ಕೇಂದ್ರವು ಅಮೆರಿಕದ ನೌಕಾಪಡೆಯ ವಶದಲ್ಲಿತ್ತು. ಅಧ್ಯಕ್ಷ ವುಡ್ರೊ ವಿಲ್ಸನ್ ಅವರು 1918ರ ಜನವರಿಯಲ್ಲಿ ಮಂಡಿಸಿದ ಹದಿನಾಲ್ಕು ಅಂಶಗಳ ಶಾಂತಿಸೂತ್ರವು ಇಲ್ಲಿಂದಲೇ ಯೂರೋಪಿಗೆ ಬಿತ್ತರಗೊಂಡಿತು.

ಯುದ್ಧ ಮುಗಿದ ಬಳಿಕ ಬ್ರಿಟನ್ನಿನ ಮಾರ್ಕೋನಿ ಕಂಪನಿಯು ಈ ಯಂತ್ರಗಳ ಹಕ್ಕನ್ನು ಕೊಳ್ಳಲು ಮತ್ತೆ ಮಾತುಕತೆ ನಡೆಸಿತು. ಸಮುದ್ರದಡಿಯ ತಂತಿಗಳ ಮೇಲೆ ಆಗಲೇ ಬ್ರಿಟನ್ನಿನ ಹಿಡಿತವಿತ್ತು. ನಿಸ್ತಂತು ಸಂಪರ್ಕವೂ ಅದೇ ದೇಶದ ಕೈಸೇರಬಾರದೆಂದು ಅಮೆರಿಕದ ನೌಕಾಪಡೆಯ ಅಧಿಕಾರಿಗಳು ಆಕ್ಷೇಪವೆತ್ತಿದರು. ಇದರ ಫಲವಾಗಿ 1919ರಲ್ಲಿ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ, ಅಂದರೆ ಆರ್‌ಸಿಎ, ಸ್ಥಾಪನೆಯಾಯಿತು. ಅಲೆಕ್ಸಾಂಡರ್ಸನ್ ಅವರು ಜನರಲ್ ಎಲೆಕ್ಟ್ರಿಕ್‌ನ ಹುದ್ದೆಯೊಂದಿಗೆ ಈ ಸಂಸ್ಥೆಯ ಮುಖ್ಯ ಎಂಜಿನಿಯರರಾಗಿಯೂ ಕೆಲವು ವರ್ಷ ದುಡಿದರು. 1921ರಲ್ಲಿ ಲಾಂಗ್ ಐಲೆಂಡ್‌ನ ರಾಕಿ ಪಾಯಿಂಟ್‌ನಲ್ಲಿ ದೊಡ್ಡ ಕೇಂದ್ರವು ಆರಂಭವಾಯಿತು. ಹವಾಯಿ, ಕ್ಯಾಲಿಫೋರ್ನಿಯ, ವೇಲ್ಸ್, ಪೋಲೆಂಡ್ ಮತ್ತು ಸ್ವೀಡನ್‌ಗಳಲ್ಲಿಯೂ ಇವರ ಯಂತ್ರಗಳು ಸ್ಥಾಪನೆಗೊಂಡವು.

ಮಗನ ಅಪಹರಣ

1923ರ ಏಪ್ರಿಲ್ 30ರಂದು ಅಲೆಕ್ಸಾಂಡರ್ಸನ್ ಅವರ ಆರು ವರ್ಷದ ಮಗನನ್ನು ಸ್ಕೆನೆಕ್ಟಡಿಯಿಂದ ಅಪಹರಿಸಲಾಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಬ್ಲ್ಯುಜಿವೈ ಬಾನುಲಿ ಕೇಂದ್ರವು ಬಾಲಕನ ಚಹರೆಯನ್ನು ಪ್ರಸಾರ ಮಾಡಿತು. ಅದನ್ನು ಆಲಿಸಿದ ಶ್ರೋತೃವೊಬ್ಬರು ನೀಡಿದ ಸುಳಿವಿನಿಂದ ಮೂರು ದಿನಗಳಲ್ಲಿ ಬಾಲಕನು ಸುರಕ್ಷಿತವಾಗಿ ಪತ್ತೆಯಾದನು. ಅಪರಾಧವೊಂದನ್ನು ಭೇದಿಸಲು ರೇಡಿಯೊ ನೆರವಾದ ಆರಂಭಿಕ ಪ್ರಸಂಗಗಳಲ್ಲಿ ಇದೂ ಒಂದು. ತಂದೆಯು ತನ್ನ ಜೀವಮಾನವನ್ನು ಮುಡಿಪಾಗಿಟ್ಟ ವಿದ್ಯೆಯೇ ಮಗನನ್ನು ಮನೆಗೆ ಮರಳಿಸಿತು.

ಕಿರುತರಂಗಗಳ ಉದಯ

ಅಲೆಕ್ಸಾಂಡರ್ಸನ್ ಯಂತ್ರಗಳ ವೈಭವವು ಹೆಚ್ಚು ಕಾಲ ಉಳಿಯಲಿಲ್ಲ. ದೂರದ ಸಂಪರ್ಕಕ್ಕೆ ದೀರ್ಘತರಂಗಗಳೂ ಅಪಾರ ಶಕ್ತಿಯೂ ಅನಿವಾರ್ಯವೆಂಬುದು ಆಗಿನ ಎಂಜಿನಿಯರುಗಳ ನಂಬಿಕೆಯಾಗಿತ್ತು. 1912ರ ಕಾನೂನಿನ ಪ್ರಕಾರ ಅಮೆರಿಕದ ಹವ್ಯಾಸಿಗಳಿಗೆ 200 ಮೀಟರ್ ಮತ್ತು ಅದಕ್ಕಿಂತ ಕಡಿಮೆ ತರಂಗದೂರದ ಅಲೆಗಳನ್ನು ಬಿಟ್ಟುಕೊಡಲಾಗಿತ್ತು. ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ತಜ್ಞರು ಭಾವಿಸಿದ್ದರು. ಆದರೆ 1921ರ ಡಿಸೆಂಬರ್‌ನಲ್ಲಿ ಹವ್ಯಾಸಿಗಳ ಸಂಕೇತಗಳು ಅಟ್ಲಾಂಟಿಕ್ ಸಾಗರವನ್ನು ದಾಟಿದವು. 1923ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು ಸುಮಾರು 110 ಮೀಟರ್ ತರಂಗದೂರದಲ್ಲಿ ಪರಸ್ಪರ ಸಂಭಾಷಿಸಿದರು. ನಿರ್ವಾತ ನಳಿಕೆಗಳನ್ನು ಬಳಸಿದ ಚಿಕ್ಕ ಪ್ರಸಾರಕಗಳು ಬೃಹತ್ ಯಂತ್ರಗಳ ಕೆಲಸವನ್ನು ಅಲ್ಪ ವೆಚ್ಚದಲ್ಲಿ ಮಾಡತೊಡಗಿದವು. ಒಂದು ದಶಕದೊಳಗೆ ಅಲೆಕ್ಸಾಂಡರ್ಸನ್ ಯಂತ್ರಗಳು ಹಿನ್ನೆಲೆಗೆ ಸರಿದವು. ಬಳಿಕ ಒಂದೊಂದಾಗಿ ಅವುಗಳನ್ನು ಕಳಚಿಹಾಕಲಾಯಿತು.

ದೂರದರ್ಶನ ಮತ್ತು ಇತರ ಸಂಶೋಧನೆಗಳು

ತಮ್ಮ ಪ್ರಸಿದ್ಧ ಯಂತ್ರವು ಹಳತಾದರೂ ಅಲೆಕ್ಸಾಂಡರ್ಸನ್ ಅವರು ಹೊಸ ಕ್ಷೇತ್ರಗಳಿಗೆ ಹೊರಳಿದರು. 1928ರ ಜನವರಿಯಲ್ಲಿ ಅವರು ಸ್ಕೆನೆಕ್ಟಡಿಯಲ್ಲಿ ದೂರದರ್ಶನದ ಪ್ರಾತ್ಯಕ್ಷಿಕೆ ನೀಡಿದರು. ಅದೇ ವರ್ಷದ ಸೆಪ್ಟೆಂಬರ್ 11ರಂದು ಅವರ ಉಪಕರಣಗಳ ಮೂಲಕ ಪುಟ್ಟ ನಾಟಕವೊಂದು ಪ್ರಸಾರವಾಯಿತು. ದೂರದರ್ಶನದ ಮೊದಲ ನಾಟಕವೆಂದು ಇದನ್ನು ಪರಿಗಣಿಸಲಾಗುತ್ತದೆ. ಕ್ಯಾಮೆರಾದ ವ್ಯಾಪ್ತಿ ಬಹಳ ಕಿರಿದಾಗಿದ್ದುದರಿಂದ ಇಬ್ಬರು ಕಲಾವಿದರ ಮುಖಗಳನ್ನೂ ಬೇರೆ ಇಬ್ಬರ ಕೈಗಳನ್ನೂ ಪ್ರತ್ಯೇಕವಾಗಿ ತೋರಿಸಬೇಕಾಯಿತು. 1930ರ ಮೇ 22ರಂದು ನಗರದ ಪ್ರಾಕ್ಟರ್ಸ್ ರಂಗಮಂದಿರದಲ್ಲಿ ಏಳು ಅಡಿಯ ಪರದೆಯ ಮೇಲೆ ದೂರದರ್ಶನದ ಚಿತ್ರಗಳನ್ನು ತೋರಿಸಲಾಯಿತು. ಪ್ರಯೋಗಾಲಯದಲ್ಲಿ ನಿಂತಿದ್ದ ಸಂಗೀತ ನಿರ್ದೇಶಕರು ಪರದೆಯ ಮೂಲಕವೇ ರಂಗಮಂದಿರದ ವಾದ್ಯವೃಂದವನ್ನು ನಡೆಸಿದರು.

ರೇಡಿಯೊ ಗ್ರಾಹಕಗಳಲ್ಲಿ ಬೇಕಾದ ಕೇಂದ್ರವನ್ನು ಮಾತ್ರ ಆಯ್ದುಕೊಳ್ಳುವ ಮಂಡಲ, ರೈಲು ಮತ್ತು ಹಡಗುಗಳ ವಿದ್ಯುತ್ ಚಾಲನೆ ಮುಂತಾದ ವಿಷಯಗಳಲ್ಲಿಯೂ ಅವರ ಕೊಡುಗೆಯಿದೆ. ಅವರು ರೂಪಿಸಿದ ಆಂಪ್ಲಿಡೈನ್ ಎಂಬ ಸಾಧನವು ಎರಡನೆಯ ಮಹಾಯುದ್ಧದಲ್ಲಿ ವಿಮಾನನಾಶಕ ತೋಪುಗಳನ್ನು ಕರಾರುವಾಕ್ಕಾಗಿ ತಿರುಗಿಸಲು ಬಳಕೆಯಾಯಿತು. 1948ರಲ್ಲಿ ನಿವೃತ್ತರಾದ ಮೇಲೂ ಅವರು ಸಂಶೋಧನೆಯನ್ನು ಬಿಡಲಿಲ್ಲ. ಅವರ ಹೆಸರಿನಲ್ಲಿ 340ಕ್ಕೂ ಹೆಚ್ಚು ಪೇಟೆಂಟುಗಳಿವೆ.

ಗ್ರಿಮೆಟಾನ್ ಕೇಂದ್ರ ಮತ್ತು ಹವ್ಯಾಸಿಗಳು

ಮೊದಲ ಮಹಾಯುದ್ಧದಲ್ಲಿ ವಿದೇಶೀ ತಂತಿಗಳನ್ನು ಅವಲಂಬಿಸುವುದರ ಕಷ್ಟವನ್ನು ಕಂಡ ಸ್ವೀಡನ್, ಅಮೆರಿಕದೊಡನೆ ನೇರ ಸಂಪರ್ಕ ಹೊಂದಲು ವಾರ್ಬೆರ್ಗ್ ಪಟ್ಟಣದ ಬಳಿಯ ಗ್ರಿಮೆಟಾನ್‌ನಲ್ಲಿ ಕೇಂದ್ರವೊಂದನ್ನು ನಿರ್ಮಿಸಿತು. 127 ಮೀಟರ್ ಎತ್ತರದ ಆರು ಗೋಪುರಗಳ ಈ ಕೇಂದ್ರವು 1924ರ ಡಿಸೆಂಬರ್‌ನಲ್ಲಿ ಕಾರ್ಯಾರಂಭ ಮಾಡಿತು. 1925ರ ಜುಲೈ 2ರಂದು ದೊರೆ ಐದನೆಯ ಗುಸ್ತಾವ್ ಅವರು ಅಲೆಕ್ಸಾಂಡರ್ಸನ್ ಅವರ ಸಮಕ್ಷಮದಲ್ಲಿ ಇದನ್ನು ಉದ್ಘಾಟಿಸಿದರು.

ಬೇರೆ ಕೇಂದ್ರಗಳು ಮರೆಯಾದರೂ ಗ್ರಿಮೆಟಾನ್ ಉಳಿಯಲು ಕಡಿಮೆ ಆವೃತ್ತಿಯ ಅಲೆಗಳ ವಿಶಿಷ್ಟ ಗುಣವೊಂದು ಕಾರಣವಾಯಿತು. ಈ ಅಲೆಗಳು ಸಮುದ್ರದ ನೀರಿನೊಳಗೂ ಸ್ವಲ್ಪ ಆಳದವರೆಗೆ ಇಳಿಯಬಲ್ಲವು. ಆದ್ದರಿಂದ ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸಲು ಅವು ಉಪಯುಕ್ತ. ಭಾರತೀಯ ನೌಕಾಪಡೆಯು ಇದೇ ಉದ್ದೇಶಕ್ಕಾಗಿ ತಮಿಳುನಾಡಿನ ತಿರುನೆಲ್ವೇಲಿ ಬಳಿ ಅತಿ ಕಡಿಮೆ ಆವೃತ್ತಿಯ ಕೇಂದ್ರವನ್ನು ಹೊಂದಿದೆ. 2004ರಲ್ಲಿ ಯುನೆಸ್ಕೊ ಗ್ರಿಮೆಟಾನ್ ಕೇಂದ್ರವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಪ್ರತಿವರ್ಷ ಜುಲೈ 2ರ ಆಸುಪಾಸಿನ ಭಾನುವಾರವನ್ನು ಅಲೆಕ್ಸಾಂಡರ್ಸನ್ ದಿನವಾಗಿ ಆಚರಿಸಲಾಗುತ್ತದೆ. ಅಂದು ಸ್ವಯಂಸೇವಕರು ಯಂತ್ರವನ್ನು ಚಾಲನೆ ಮಾಡಿ ಎಸ್‌ಎಕ್ಯೂ ಎಂಬ ಕರೆಸಂಕೇತದೊಂದಿಗೆ ಮೋರ್ಸ್ ಸಂದೇಶವನ್ನು ಕಳುಹಿಸುತ್ತಾರೆ. ಕ್ರಿಸ್‌ಮಸ್ ಮುನ್ನಾದಿನದಂದೂ ಇಂತಹ ಪ್ರಸಾರವನ್ನು ನಡೆಸುವ ರೂಢಿಯಿದೆ. ಹಲವು ದೇಶಗಳ ಹವ್ಯಾಸಿಗಳು ಇದನ್ನು ಆಲಿಸಿ ವರದಿ ಕಳುಹಿಸುತ್ತಾರೆ. ಇದಕ್ಕೆ ದುಬಾರಿ ಗ್ರಾಹಕ ಬೇಕಿಲ್ಲ. ಗಣಕಯಂತ್ರದ ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಮಾದರಿಗಳನ್ನು ತೆಗೆದುಕೊಂಡರೆ 24 ಕಿಲೋಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯ ಸಂಕೇತಗಳನ್ನು ಗ್ರಹಿಸಬಲ್ಲದು. ಚೌಕಟ್ಟಿಗೆ ಸುತ್ತಿದ ತಂತಿಯ ಸುರುಳಿ, ಒಂದು ವರ್ಧಕ ಮತ್ತು ತಕ್ಕ ತಂತ್ರಾಂಶವಿದ್ದರೆ 17.2 ಕಿಲೋಹರ್ಟ್ಸ್ ಸಂಕೇತವನ್ನು ಹಿಡಿಯಬಹುದು. ವಿದ್ಯುತ್ ದೀಪಗಳು ಮತ್ತು ಚಾರ್ಜರುಗಳು ಉಂಟುಮಾಡುವ ಗದ್ದಲವೇ ಇದಕ್ಕೆ ದೊಡ್ಡ ಅಡ್ಡಿ. ಈ ಕಾರಣದಿಂದ ಅನೇಕರು ಊರಿನಿಂದ ದೂರದ ಬಯಲಿಗೆ ಹೋಗಿ ಆಲಿಸುತ್ತಾರೆ. ಕೆಲವು ಹವ್ಯಾಸಿಗಳು 9 ಕಿಲೋಹರ್ಟ್ಸ್‌ಗಿಂತಲೂ ಕಡಿಮೆ ಆವೃತ್ತಿಯಲ್ಲಿ, ಅತ್ಯಲ್ಪ ಶಕ್ತಿಯಿಂದ ತಾವೇ ಸಂಕೇತಗಳನ್ನು ಕಳುಹಿಸುವ ಪ್ರಯೋಗಗಳನ್ನೂ ನಡೆಸಿದ್ದಾರೆ. ಒಂದು ಕಾಲದಲ್ಲಿ ಕಿರುತರಂಗಗಳ ಬಲವನ್ನು ತೋರಿಸಿಕೊಟ್ಟು ಈ ಯಂತ್ರಗಳನ್ನು ಹಿಂದಿಕ್ಕಿದವರು ಹವ್ಯಾಸಿಗಳು. ಉಳಿದ ಒಂದು ಯಂತ್ರದ ದನಿಗೆ ಕಿವಿಗೊಟ್ಟು ಅದನ್ನು ಜೀವಂತವಾಗಿ ಇರಿಸಿರುವವರಲ್ಲಿಯೂ ಹವ್ಯಾಸಿಗಳೇ ಮುಂದಿದ್ದಾರೆ.

ಗೌರವಗಳು ಮತ್ತು ನಿಧನ

1919ರಲ್ಲಿ ಅಮೆರಿಕದ ರೇಡಿಯೊ ಎಂಜಿನಿಯರುಗಳ ಸಂಸ್ಥೆಯ ಗೌರವ ಪದಕವು ಅಲೆಕ್ಸಾಂಡರ್ಸನ್ ಅವರಿಗೆ ಸಂದಿತು. 1921ರಲ್ಲಿ ಅದೇ ಸಂಸ್ಥೆಯ ಅಧ್ಯಕ್ಷರಾಗಿ ಅವರು ಸೇವೆ ಸಲ್ಲಿಸಿದರು. 1944ರಲ್ಲಿ ಎಡಿಸನ್ ಪದಕ ಲಭಿಸಿತು. 1975ರ ಮೇ 14ರಂದು, ತಮ್ಮ 97ನೆಯ ವಯಸ್ಸಿನಲ್ಲಿ, ಅವರು ಸ್ಕೆನೆಕ್ಟಡಿಯಲ್ಲಿ ನಿಧನರಾದರು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಯಲ್ಲಿ ಮರಣೋತ್ತರವಾಗಿ ಅವರ ಹೆಸರನ್ನು ಸೇರಿಸಲಾಯಿತು.