ನೆಲದ ಮೇಲೇ ಉಳಿದ ಚಾರ್ಲಿ

ನನಗೆ ಪೈಲಟ್ ಆಗುವ ಆಸೆಯಿತ್ತು. ಅಷ್ಟು ಹಣ ಮನೆಯಲ್ಲಿರಲಿಲ್ಲ. ಹಾಗಾಗಿ ವಿಮಾನ ನಿರ್ವಹಣೆಯ ಕೋರ್ಸ್‌ಗೆ ಸೇರಿದೆ. ಹಾರಲು ಆಗದವನಿಗೆ ಸ್ಪ್ಯಾನರ್ ಹಿಡಿಯುವ ಕೆಲಸ ಎಂದು ಒಳಗೊಳಗೇ ಬೇಸರ. ಆ ಬೇಸರದಲ್ಲೇ ಮೂರನೇ ತಿಂಗಳಲ್ಲಿ ಒಂದು ತಪ್ಪು ಮಾಡಿದೆ.

ನಮ್ಮ ಸಂಸ್ಥೆಯ ಶೆಡ್ಡಿನಲ್ಲಿ ಹಾರಾಟ ನಿಲ್ಲಿಸಿದ ಪುಟ್ಟ ವಿಮಾನವೊಂದಿದೆ. ಅದನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿ, ಲ್ಯಾಂಡಿಂಗ್ ಗೇರ್ ತಪಾಸಣೆ ಮಾಡಲು ಹೇಳಿದ್ದರು. ಟೈರು ಸೀಳಿದೆಯೇ, ಸ್ಟ್ರಟ್‌ನಿಂದ ಎಣ್ಣೆ ಜಿನುಗುತ್ತಿದೆಯೇ, ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ, ಆಕ್ಸಲ್ ನಟ್‌ಗೆ ಸ್ಪ್ಲಿಟ್ ಪಿನ್ ಹಾಕಿದೆಯೇ ಎಂದು ಒಂದೊಂದನ್ನೇ ನೋಡಿ ಕಾರ್ಡಿನಲ್ಲಿ ಗುರುತು ಹಾಕಬೇಕು. ಮೊದಲ ಮೂರನ್ನು ನೋಡಿದೆ. ಊಟದ ಹೊತ್ತಾಗಿತ್ತು. ನಾಲ್ಕನೆಯದನ್ನು ನೋಡದೆಯೇ ಗುರುತು ಹಾಕಿ ಸಹಿ ಮಾಡಿಬಿಟ್ಟೆ.

ಪಿನ್ ಅಲ್ಲಿರಲೇ ಇಲ್ಲ. ನಮ್ಮ ಸರ್ ಬೇಕೆಂದೇ ತೆಗೆದಿಟ್ಟಿದ್ದರು. ಜೇಬಿನಿಂದ ಅದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಬೈಯಲಿಲ್ಲ. ಪಿನ್ ಇಲ್ಲದಿದ್ದರೆ ನಟ್ ಸಡಿಲವಾಗಬಹುದು, ನಟ್ ಬಿಚ್ಚಿದರೆ ಚಕ್ರವೇ ಕಳಚಬಹುದು ಎಂದಷ್ಟೇ ಹೇಳಿದರು. ಆಮೇಲೆ, ಚಾರ್ಲಿ ಟೇಲರ್ ಬಗ್ಗೆ ಓದಿಕೊಂಡು ಬಾ ಎಂದರು.

ರೈಟ್ ಸಹೋದರರು ಎಲ್ಲರಿಗೂ ಗೊತ್ತು. ಅವರ ಪಕ್ಕದಲ್ಲಿದ್ದ ಮೂರನೆಯವರು ಈ ಚಾರ್ಲಿ. ಹುಟ್ಟಿದ್ದು 1868ರ ಮೇ 24ರಂದು, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟರು. ಯಂತ್ರಗಳ ಕೆಲಸವನ್ನು ಮಾಡುತ್ತಲೇ ಕಲಿತರು. 1901ರಲ್ಲಿ ಡೇಟನ್ ಪಟ್ಟಣದ ರೈಟ್ ಸಹೋದರರ ಸೈಕಲ್ ಅಂಗಡಿಗೆ ವಾರಕ್ಕೆ 18 ಡಾಲರ್ ಸಂಬಳದ ಮೇಲೆ ಸೇರಿದರು. ವಿಲ್ಬರ್ ಮತ್ತು ಆರ್ವಿಲ್ ಗ್ಲೈಡರ್ ಹಾರಿಸಲು ಕಿಟ್ಟಿ ಹಾಕ್‌ಗೆ ಹೋದಾಗ ಅಂಗಡಿ ನೋಡಿಕೊಳ್ಳುವುದು ಇವರ ಪಾಲಿಗೆ ಬಂತು.

ಮುಂದೆ ಆ ಸಹೋದರರಿಗೆ ಹಗುರವಾದ ಎಂಜಿನ್ ಬೇಕಾಯಿತು. ಕಂಪನಿಗಳಿಗೆ ಪತ್ರ ಬರೆದರೂ ಸಿಗಲಿಲ್ಲ. ಚಾರ್ಲಿಯೇ ಕಟ್ಟಲು ಕೂತರು. ಇದ್ದದ್ದು ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ಕೆಲವು ಕೈ ಉಪಕರಣಗಳು. ಉಕ್ಕಿನ ದಪ್ಪ ಹಲಗೆಯ ಮೇಲೆ ಕ್ರ್ಯಾಂಕ್‌ಶಾಫ್ಟಿನ ಆಕಾರ ಬರೆದು, ಗೆರೆಯುದ್ದಕ್ಕೂ ತೂತು ಕೊರೆದು, ಬೇಡದ್ದನ್ನು ಒಡೆದು ತೆಗೆದು, ಉಳಿದದ್ದನ್ನು ಲೇತಿಗೆ ಹಾಕಿ ನಯಗೊಳಿಸಿದರು. ಆರು ವಾರಗಳಲ್ಲಿ ಸುಮಾರು 12 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್ ಸಿದ್ಧವಾಯಿತು. 1903ರ ಫೆಬ್ರವರಿಯಲ್ಲಿ ಪರೀಕ್ಷೆ ಮಾಡುವಾಗ ಪೆಟ್ರೋಲ್ ತೊಟ್ಟಿಕ್ಕಿ ಬೇರಿಂಗ್‌ಗಳು ಕಚ್ಚಿಕೊಂಡವು, ಎಂಜಿನ್ನಿನ ಒಡಲೇ ಸೀಳಿತು. ಹೊಸದಾಗಿ ಎರಕ ಹೊಯ್ಯಿಸಿ ಮತ್ತೆ ಶುರು ಮಾಡಿದರು.

ಅದೇ ವರ್ಷ ಡಿಸೆಂಬರ್ 17ರಂದು ಆ ಎಂಜಿನ್ ಮನುಷ್ಯನನ್ನು 12 ಸೆಕೆಂಡು ಗಾಳಿಯಲ್ಲಿ ಹೊತ್ತೊಯ್ದಿತು. ಚಾರ್ಲಿ ಅದನ್ನು ನೋಡಲಿಲ್ಲ, ಡೇಟನ್‌ನಲ್ಲಿದ್ದರು. ಆ ವಿಮಾನಕ್ಕೆ ಚಕ್ರಗಳೇ ಇರಲಿಲ್ಲ. ಹಳಿಯ ಮೇಲಿಂದ ಏರುತ್ತಿತ್ತು, ಇಳಿಯುವಾಗ ಮರದ ಜಾರುಪಟ್ಟಿಗಳ ಮೇಲೆ ಉಜ್ಜಿಕೊಂಡು ನಿಲ್ಲುತ್ತಿತ್ತು. ನಾನು ನೋಡದೆ ಸಹಿ ಹಾಕಿದ ಲ್ಯಾಂಡಿಂಗ್ ಗೇರ್‌ನ ಮುತ್ತಜ್ಜ ಅದು.

ಚಾರ್ಲಿಯ ಬದುಕಿನ ಕರಾಳ ದಿನ 1908ರ ಸೆಪ್ಟೆಂಬರ್ 17. ಫೋರ್ಟ್ ಮೈಯರ್‌ನಲ್ಲಿ ಆರ್ವಿಲ್ ಸೇನೆಗಾಗಿ ವಿಮಾನ ಹಾರಿಸುತ್ತಿದ್ದರು. ಪಕ್ಕದಲ್ಲಿ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಡ್ಜ್ ಕೂತಿದ್ದರು. ಪ್ರೊಪೆಲ್ಲರಿನಲ್ಲಿ ಬಿರುಕು ಬಿಟ್ಟು, ಅದು ಹಿಂದಿನ ಚುಕ್ಕಾಣಿಯ ತಂತಿಗೆ ಬಡಿಯಿತು. ವಿಮಾನ ನೆಲಕ್ಕಪ್ಪಳಿಸಿತು. ಸೆಲ್ಫ್ರಿಡ್ಜ್ ತೀರಿಕೊಂಡರು. ಆರ್ವಿಲ್ ತೊಡೆ, ಪಕ್ಕೆಲುಬು ಮುರಿದುಕೊಂಡರು. ಅವಶೇಷದಡಿಯಿಂದ ಅವರನ್ನು ಎಳೆದು ತೆಗೆದವರಲ್ಲಿ ಚಾರ್ಲಿಯೂ ಒಬ್ಬರು. ಆಮೇಲೆ ಮುರಿದ ತುಂಡುಗಳನ್ನು ಪರೀಕ್ಷಿಸಿ ಕಾರಣ ಹುಡುಕುವ ಕೆಲಸದಲ್ಲೂ ಅವರಿದ್ದರು. ಮುಂದಿನ ವರ್ಷ ಅದೇ ಮೈದಾನದಲ್ಲಿ ಆರ್ವಿಲ್ ಪರೀಕ್ಷೆ ಪೂರೈಸಿದರು.

ಇದನ್ನು ಓದಿದ ಮೇಲೆ ನನ್ನ ಪಾಠಗಳ ಅರ್ಥವೇ ಬದಲಾಯಿತು. ಲ್ಯಾಂಡಿಂಗ್ ಗೇರ್‌ನ ಭಾಗಕ್ಕೆ ಕೆಂಪು ದ್ರಾವಣ ಹಚ್ಚಿ, ಒರೆಸಿ, ಬಿಳಿ ಪುಡಿ ಹಾಕಿದರೆ ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಮುಖ್ಯವಾದ ಕೆಲಸವನ್ನು ಒಬ್ಬರು ಮಾಡಿದ ಮೇಲೆ ಇನ್ನೊಬ್ಬರು ಬೇರೆಯಾಗಿ ನೋಡಿ ಸಹಿ ಹಾಕುತ್ತಾರೆ. ಇವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯಗಳು ಎಂದುಕೊಂಡಿದ್ದೆ. ಯಾರೋ ಬಿದ್ದ ಮೇಲೆ ಕಲಿತ ಪಾಠಗಳು ಅವು.

ಚಾರ್ಲಿಗೂ ವಿಮಾನ ಹಾರಿಸುವ ಆಸೆಯಿತ್ತಂತೆ. ರೈಟ್ ಸಹೋದರರಿಗೆ ಅವರು ಬೇಕಾಗಿದ್ದದ್ದು ನೆಲದ ಮೇಲೆ. 1911ರಲ್ಲಿ ಕ್ಯಾಲ್ ರಾಜರ್ಸ್ ಎಂಬಾತ ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ವಿಮಾನದಲ್ಲಿ ದಾಟಲು ಹೊರಟಾಗ, ಕೆಳಗೆ ಬಿಡಿಭಾಗ ತುಂಬಿದ ರೈಲು ಹಿಂಬಾಲಿಸುತ್ತಿತ್ತು. ಅದರಲ್ಲಿ ಮೆಕ್ಯಾನಿಕ್ ಆಗಿದ್ದವರು ಚಾರ್ಲಿ. ಆ ವಿಮಾನಕ್ಕೆ ಚಕ್ರಗಳಿದ್ದವು. ಹೊಲದಲ್ಲಿ, ಬಯಲಿನಲ್ಲಿ ಇಳಿದು ಮತ್ತೆ ಮತ್ತೆ ಮುರಿಯುತ್ತಿತ್ತು. ಸೆಪ್ಟೆಂಬರ್ 17ಕ್ಕೆ ನ್ಯೂಯಾರ್ಕ್ ಬಿಟ್ಟು ನವೆಂಬರ್ 5ಕ್ಕೆ ಪ್ಯಾಸಡೀನಾ ತಲುಪುವಷ್ಟರಲ್ಲಿ ಮೂಲ ಭಾಗಗಳು ಉಳಿದದ್ದು ಬಹಳ ಕಡಿಮೆ.

ಆಮೇಲಿನ ಕಥೆ ಸುಖದ್ದಲ್ಲ. ದುಡಿದ ಹಣವನ್ನು ಕ್ಯಾಲಿಫೋರ್ನಿಯಾದಲ್ಲಿ ಜಮೀನಿಗೆ ಹಾಕಿ ಕಳೆದುಕೊಂಡರು. 1937ರಲ್ಲಿ ಹೆನ್ರಿ ಫೋರ್ಡ್ ಹುಡುಕಿಸಿದಾಗ ಅವರು ವಿಮಾನ ಕಾರ್ಖಾನೆಯೊಂದರಲ್ಲಿ ಗಂಟೆಯ ಕೂಲಿಗೆ ದುಡಿಯುತ್ತಿದ್ದರು. ಇವರು ಯಾರೆಂದು ಜೊತೆಗಾರರಿಗೇ ಗೊತ್ತಿರಲಿಲ್ಲ. ಡಿಯರ್‌ಬಾರ್ನ್‌ಗೆ ಸಾಗಿಸಿದ ರೈಟ್ ಅಂಗಡಿಯನ್ನು ಮೊದಲಿದ್ದಂತೆ ಜೋಡಿಸಲು ಫೋರ್ಡ್ ಅವರನ್ನು ಕರೆಸಿಕೊಂಡರು. ಆರ್ವಿಲ್ ತೀರಿಕೊಂಡದ್ದು 1948ರ ಜನವರಿ 30ರಂದು. ಎಂಟು ವರ್ಷಗಳ ನಂತರ, ಅದೇ ಜನವರಿ 30ರಂದು, 87ನೇ ವಯಸ್ಸಿನಲ್ಲಿ ಚಾರ್ಲಿ ಹೋದರು. ಇಂದು ಅಮೆರಿಕದಲ್ಲಿ ಅವರ ಹುಟ್ಟಿದ ದಿನವೇ ವಿಮಾನ ತಂತ್ರಜ್ಞರ ದಿನ.

ಸ್ನೇಹಿತರೇ, ಬಯಸಿದ ಕೋರ್ಸ್ ಸಿಗದೆ ಸಿಕ್ಕಿದ್ದಕ್ಕೆ ಸೇರಿದವರು ನಮ್ಮಲ್ಲಿ ಬಹಳ ಮಂದಿ. ಆ ಬೇಸರ ನನಗಿನ್ನೂ ಪೂರ್ತಿ ಹೋಗಿಲ್ಲ. ಆದರೆ ನನ್ನ ಬೇಸರಕ್ಕೂ ವಿಮಾನದಲ್ಲಿ ಕೂರುವವರಿಗೂ ಸಂಬಂಧವಿಲ್ಲ. ಆ ಸ್ಪ್ಲಿಟ್ ಪಿನ್ ಈಗ ನನ್ನ ಪೆನ್ನಿನ ಡಬ್ಬಿಯಲ್ಲಿದೆ. ಸಹಿ ಮಾಡಲು ಪೆನ್ನು ತೆಗೆಯುವಾಗಲೆಲ್ಲ ಮೊದಲು ಅದೇ ಕೈಗೆ ತಾಗುತ್ತದೆ. ಟಾರ್ಚ್ ಹಿಡಿದು ಮತ್ತೊಮ್ಮೆ ಚಕ್ರದ ಬಳಿ ಬಗ್ಗುತ್ತೇನೆ.