ಭಾನುವಾರವನ್ನು ಮರಳಿ ತಂದ ಗುರು: ಆರ್ಸ್‌ನ ಸಂತ ಜಾನ್ ಮರಿಯ ವಿಯಾನ್ನಿ

ಪ್ರತಿ ವರ್ಷ ಆಗಸ್ಟ್ 4ರಂದು ಧರ್ಮಸಭೆಯು ಸಂತ ಜಾನ್ ಮರಿಯ ವಿಯಾನ್ನಿಯವರನ್ನು ಸ್ಮರಿಸುತ್ತದೆ. ಧರ್ಮಕೇಂದ್ರಗಳ ಗುರುಗಳಿಗೆ ಪಾಲಕರಾದ ಈ ಸಂತರೆಂದೊಡನೆ ಹಗಲಿರುಳು ಪಾಪನಿವೇದನೆ ಕೇಳುತ್ತ ಕುಳಿತ ಗುರುಗಳ ಚಿತ್ರವೇ ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಪ್ರಭುವಿನ ದಿನವನ್ನು ಮರೆತಿದ್ದ ಒಂದು ಹಳ್ಳಿಗೆ ಅದನ್ನು ಮರಳಿ ಕೊಟ್ಟವರೂ ಅವರೇ. ಕ್ರೈಸ್ತರು ಸಬ್ಬತ್ ದಿನವನ್ನು ಆಚರಿಸಬೇಕೆ, ಶನಿವಾರವನ್ನು ಬಿಟ್ಟು ಭಾನುವಾರವನ್ನು ಹಿಡಿದದ್ದೇಕೆ, ಹಳೆಯ ಒಡಂಬಡಿಕೆಯ ಹಬ್ಬಗಳು ನಮಗೂ ಸಲ್ಲುತ್ತವೆಯೆ ಎಂಬ ಪ್ರಶ್ನೆಗಳು ನಮ್ಮ ಮನೆಗಳಲ್ಲಿ ಆಗಾಗ ಏಳುತ್ತವೆ. ಈ ಸಂತರ ಜೀವನವನ್ನು ನೆನೆಯುತ್ತ ಅವಕ್ಕೆ ಉತ್ತರವನ್ನೂ ಅರಸೋಣ.

ಜಾನ್ ಮರಿಯ ವಿಯಾನ್ನಿ ಫ್ರಾನ್ಸ್ ದೇಶದ ಲಿಯೋನ್ ನಗರದ ಸಮೀಪದ ದಾರ್ದಿಯಿ ಎಂಬ ಹಳ್ಳಿಯಲ್ಲಿ 1786ರ ಮೇ 8ರಂದು ಒಂದು ಒಕ್ಕಲು ಮನೆತನದಲ್ಲಿ ಜನಿಸಿದರು. ಅವರಿಗೆ ಮೂರು ವರ್ಷ ತುಂಬಿದಾಗ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. 1793ರಲ್ಲಿ ಕ್ರಾಂತಿಯ ಸರಕಾರವು ಪಂಚಾಂಗವನ್ನೇ ಬದಲಿಸಿತು. ಏಳು ದಿನಗಳ ವಾರದ ಬದಲು ಹತ್ತು ದಿನಗಳ ಅವಧಿ ಬಂದಿತು. ಹತ್ತನೆಯ ದಿನವೇ ವಿರಾಮದ ದಿನವಾಯಿತು. ಭಾನುವಾರವೂ ಸಂತರ ಹಬ್ಬಗಳೂ ಸರಕಾರಿ ಲೆಕ್ಕದಿಂದ ಅಳಿಸಿಹೋದವು. ಹೊಸ ಶಾಸನಕ್ಕೆ ಪ್ರಮಾಣ ಮಾಡದ ಗುರುಗಳು ತಲೆಮರೆಸಿಕೊಂಡು ರಹಸ್ಯವಾಗಿ ಬಲಿಪೂಜೆ ಅರ್ಪಿಸಬೇಕಾಯಿತು. ಬಾಲಕ ಜಾನ್ 1799ರಲ್ಲಿ ಎಕ್ಯುಯಿಯ ಒಂದು ಮನೆಯಲ್ಲಿ ಮೊದಲ ಪರಮ ಪ್ರಸಾದವನ್ನು ಸ್ವೀಕರಿಸಿದಾಗ, ಒಳಗಿನ ಮೇಣದ ಬತ್ತಿಗಳ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗಳ ಮುಂದೆ ಹುಲ್ಲಿನ ಬಂಡಿಗಳನ್ನು ನಿಲ್ಲಿಸಿದ್ದರಂತೆ. ಪ್ರಭುವಿನ ದಿನವನ್ನು ಕಳೆದುಕೊಳ್ಳುವುದೆಂದರೆ ಏನೆಂಬುದನ್ನು ಅವರು ಎಳವೆಯಲ್ಲೇ ಅರಿತರು.

ಹೊಲಗೆಲಸದಲ್ಲೇ ಬೆಳೆದ ಜಾನ್ ಸುಮಾರು ಇಪ್ಪತ್ತರ ಹರೆಯದಲ್ಲಿ ವಂದನೀಯ ಬಾಲ್ಲೆ ಎಂಬ ಗುರುಗಳ ಬಳಿ ಓದಲು ಕುಳಿತರು. ಲತೀನ್ ಭಾಷೆ ಅವರಿಗೆ ಕಡು ಕಷ್ಟವಾಯಿತು. ಗುರುಮಠದ ಪರೀಕ್ಷೆಯಲ್ಲಿ ಹಿನ್ನಡೆಯೂ ಆಯಿತು. ಆದರೂ ಅವರ ಭಕ್ತಿಯನ್ನು ಕಂಡ ಹಿರಿಯರು ಕೈಬಿಡಲಿಲ್ಲ. 1815ರ ಆಗಸ್ಟ್ 13ರಂದು ಗ್ರೆನೋಬ್ಲ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. 1818ರ ಫೆಬ್ರವರಿಯಲ್ಲಿ ಸುಮಾರು 230 ಜನರಿದ್ದ ಆರ್ಸ್ ಎಂಬ ಪುಟ್ಟ ಹಳ್ಳಿಗೆ ಅವರನ್ನು ಕಳುಹಿಸಲಾಯಿತು.

ಕ್ರಾಂತಿಯ ಪಂಚಾಂಗವು 1806ರ ಆರಂಭಕ್ಕೆ ಕೊನೆಗೊಂಡಿತ್ತು. ಭಾನುವಾರ ಪಂಚಾಂಗಕ್ಕೆ ಮರಳಿತ್ತು, ಜನರ ಬಾಳಿಗೆ ಮರಳಿರಲಿಲ್ಲ. ಆರ್ಸ್‌ನ ಜನರು ದೇವರನ್ನು ನಿರಾಕರಿಸಿದವರಲ್ಲ, ಮರೆತವರು. ಬೇಸಿಗೆಯ ಸುಗ್ಗಿಯಲ್ಲಿ ಭಾನುವಾರವೂ ಹೊಲದಲ್ಲಿ ಕುಡುಗೋಲು ಆಡುತ್ತಿತ್ತು. ಸಂಜೆಯಾದರೆ ಊರಿನ ನಾಲ್ಕು ಪಾನಗೃಹಗಳು ತುಂಬುತ್ತಿದ್ದವು. ದೇವಾಲಯ ಮಾತ್ರ ಬರಿದಾಗಿತ್ತು.

ಹೊಸ ಗುರುಗಳು ಮೊದಲು ಮಾಡಿದ್ದು ಪ್ರಾರ್ಥನೆ ಮತ್ತು ಉಪವಾಸ. ಬೆಳಗಾಗುವ ಮುನ್ನವೇ ಅವರು ಪರಮ ಪ್ರಸಾದದ ಪೆಟ್ಟಿಗೆಯ ಮುಂದೆ ಮೊಣಕಾಲೂರುತ್ತಿದ್ದರು. ಅನಂತರ ಮನೆಮನೆಗೆ ಹೋದರು, ಹೊಲದ ಬದುವಿನಲ್ಲಿ ನಿಂತು ರೈತರೊಡನೆ ಬೆಳೆಯ ಮಾತನಾಡಿದರು. ಭಾನುವಾರದ ದುಡಿಮೆಯಿಂದ ಮನೆ ಉದ್ಧಾರವಾಗದೆಂದು ಅವರು ವರ್ಷಗಟ್ಟಲೆ ಬೋಧಿಸಿದರು. ಜುಲೈ ತಿಂಗಳ ಒಂದು ಭಾನುವಾರ ಗೋಧಿ ಕೊಯ್ಲಿಗೆ ಬಂದು ನಿಂತಿರುವಾಗಲೇ ಬಿರುಗಾಳಿ ಎದ್ದು ಮೋಡ ಕವಿಯಿತಂತೆ. ಆ ದಿನ ಬೆಳೆಯನ್ನು ಮುಟ್ಟಬೇಡಿರೆಂದೂ ಕೊಯ್ಲಿಗೆ ಬೇಕಾದಷ್ಟು ಒಳ್ಳೆಯ ದಿನಗಳನ್ನು ದೇವರು ಕೊಡುವರೆಂದೂ ಅವರು ಪೀಠದಿಂದ ಭರವಸೆಯಿತ್ತರು. ಮೋಡ ಹಾದುಹೋಗಿ ಹನ್ನೆರಡು ದಿನ ಮಳೆ ಬೀಳಲಿಲ್ಲವೆಂದು ಅವರ ಚರಿತ್ರೆಯಲ್ಲಿ ಬರೆಯಲಾಗಿದೆ. ಊರು ಒಂದೇ ದಿನದಲ್ಲಿ ಬದಲಾಗಲಿಲ್ಲ. ಆದರೆ ಕಾಲಕ್ರಮದಲ್ಲಿ ಪಾನಗೃಹಗಳು ಒಂದೊಂದಾಗಿ ಮುಚ್ಚಿದವು, ದೇವಾಲಯ ತುಂಬಿತು.

ಅವರು ಜನರಿಗೆ ಕಲಿಸಿದ್ದು ಯೆಹೂದ್ಯರ ಸಬ್ಬತ್ತನ್ನಲ್ಲ ಎಂಬುದನ್ನು ನಾವು ಗಮನಿಸಬೇಕು. ಸಬ್ಬತ್ ವಾರದ ಏಳನೆಯ ದಿನ. ಸೃಷ್ಟಿಕಾರ್ಯದ ಪೂರ್ಣತೆಯನ್ನೂ ಐಗುಪ್ತದ ದಾಸ್ಯದಿಂದ ದೊರೆತ ಬಿಡುಗಡೆಯನ್ನೂ ನೆನಪಿಸುವ ದಿನ. ಯೇಸುಸ್ವಾಮಿ ವಾರದ ಮೊದಲನೆಯ ದಿನ ಪುನರುತ್ಥಾನರಾದರು. ತ್ರೋವದ ಕ್ರೈಸ್ತರು ರೊಟ್ಟಿ ಮುರಿಯಲು ಅದೇ ದಿನ ಕೂಡಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಮೋಶೆಯ ಕಟ್ಟಳೆಗಳ ಹೊರೆಯನ್ನು ಹೊರಿಸಬಾರದೆಂದು ಜೆರುಸಲೇಮಿನಲ್ಲಿ ಕೂಡಿದ ಪ್ರೇಷಿತರು ತೀರ್ಮಾನಿಸಿದರು. ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳು ಬರಲಿದ್ದುದರ ನೆರಳು, ನಿಜವಸ್ತು ಕ್ರಿಸ್ತರೇ ಎಂಬುದು ಕೊಲೊಸ್ಸೆಯವರಿಗೆ ಸಂತ ಪೌಲರು ನೀಡಿದ ಬೋಧನೆ. ಆದ್ದರಿಂದ ಪಾಸ್ಕವು ನಮಗೆ ಪುನರುತ್ಥಾನದ ಹಬ್ಬವಾಯಿತು. ಪಂಚಾಶತ್ತಮವು ಪವಿತ್ರಾತ್ಮರ ಆಗಮನದ ಹಬ್ಬವಾಯಿತು. ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರಲ್ಲಿ ಭಾನುವಾರವನ್ನು ಬಿಡುವಿನ ದಿನವನ್ನಾಗಿ ಸಾರಿದರೂ ಆ ದಿನದ ಆರಾಧನೆ ಅದಕ್ಕಿಂತ ಬಹು ಹಿಂದಿನದು. ಅವರ ಶಾಸನವು ರೈತರಿಗೆ ವಿನಾಯಿತಿ ಕೊಟ್ಟಿತ್ತು ಎಂಬುದೂ ಗಮನಾರ್ಹ.

ದಿನ ಬದಲಾದರೂ ಸಬ್ಬತ್ತಿನ ಒಳ ತಿರುಳು ಅಳಿಯಲಿಲ್ಲ. ಧರ್ಮೋಪದೇಶ ಕಾಂಡದಲ್ಲಿ ಬರುವ ಆಜ್ಞೆ ಮನೆಯ ಯಜಮಾನನಿಗೆ ಮಾತ್ರವಲ್ಲ, ಆಳುಕಾಳು, ಪರದೇಶಿ, ಎತ್ತು, ಕತ್ತೆಗಳಿಗೂ ವಿಶ್ರಾಂತಿಯನ್ನು ಕೊಡಿಸುತ್ತದೆ. ಇದು ನಮ್ಮ ಧಾರವಾಡ ಸೀಮೆಗೆ ಹೊಸತೇನಲ್ಲ. ಹುಬ್ಬಳ್ಳಿ ಧಾರವಾಡಗಳ ನಡುವೆ ಇಂದು ನಗರದ ಭಾಗವಾಗಿರುವ ಸತ್ತೂರಿನಂಥ ಊರುಗಳಲ್ಲಿ, ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ನೇಮವನ್ನು ಒಕ್ಕಲು ಮನೆತನಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿವೆ. ಬಿತ್ತುವ ಹದ ತಪ್ಪೀತೆಂಬ ಆತಂಕದಲ್ಲೂ ದನಕ್ಕೆ ಒಂದು ದಿನ ಬಿಡುವ ನೆರೆಯವರ ನಡುವೆ ಬಾಳುವ ನಾವು, ನಮ್ಮ ಮಕ್ಕಳಿಗೂ ಮನೆಗೆಲಸದವರಿಗೂ ಭಾನುವಾರ ಬಿಡುವು ಕೊಡುತ್ತಿದ್ದೇವೆಯೆ?

ಇಂದು ನಮ್ಮ ಭಾನುವಾರವನ್ನು ಕಸಿಯಲು ಯಾವ ಕ್ರಾಂತಿಯೂ ಬೇಕಿಲ್ಲ. ಮಕ್ಕಳ ಟ್ಯೂಶನ್, ಪ್ರವೇಶ ಪರೀಕ್ಷೆಯ ತರಬೇತಿ, ಅಂಗಡಿ ವ್ಯಾಪಾರ, ಮದುವೆ ಮನೆಯ ಓಡಾಟಗಳೇ ಸಾಕು. ಹಾಗೆಂದು ಅನಿವಾರ್ಯ ಸೇವೆ ಪಾಪವಲ್ಲ. ಯೇಸುಸ್ವಾಮಿ ಸಬ್ಬತ್ತಿನಲ್ಲೇ ರೋಗಿಗಳನ್ನು ಗುಣಪಡಿಸಿದರು. ಸತ್ತೂರಿನ ಆಸ್ಪತ್ರೆಯಲ್ಲಿ ಭಾನುವಾರದ ಪಾಳಿಯಲ್ಲಿ ದುಡಿಯುವ ದಾದಿಯದು ದಯೆಯ ಕಾರ್ಯ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆಂದು 1983ರ ಧರ್ಮಸಭೆಯ ಕಾನೂನು ಅವಕಾಶವಿತ್ತಿದೆ. ಅನಿವಾರ್ಯ ಯಾವುದು, ಹೆಚ್ಚಿನ ಹಣದಾಸೆ ಯಾವುದು ಎಂಬುದನ್ನು ಪ್ರತಿ ಕುಟುಂಬವೂ ದೇವರ ಮುಂದೆ ತಾನೇ ಅಳೆದುಕೊಳ್ಳಬೇಕು.

ವಂದನೀಯ ವಿಯಾನ್ನಿಯವರು ಆರ್ಸ್‌ನಲ್ಲೇ 41 ವರ್ಷ ಉಳಿದರು. ಬಡ ಹೆಣ್ಣುಮಕ್ಕಳಿಗಾಗಿ 1824ರಲ್ಲಿ ಶಾಲೆ ತೆರೆದು ಅದಕ್ಕೆ ದೈವಾನುಗ್ರಹವೆಂದು ಹೆಸರಿಟ್ಟರು. ಪಾಪನಿವೇದನೆಗಾಗಿ ದೂರದೂರದಿಂದ ವರುಷಕ್ಕೆ ಸಾವಿರ ಸಾವಿರ ಜನರು ಬರತೊಡಗಿದರು. ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆಗಳವರೆಗೂ ಅವರು ಆ ಪೀಠದಲ್ಲಿ ಕುಳಿತಿರುತ್ತಿದ್ದರು. 1859ರ ಆಗಸ್ಟ್ 4ರಂದು ಪ್ರಭುವಿನಲ್ಲಿ ಐಕ್ಯರಾದರು. ಜಗದ್ಗುರು ಹನ್ನೊಂದನೆಯ ಪಯಸ್‌ರವರು 1925ರಲ್ಲಿ ಅವರನ್ನು ಸಂತರೆಂದು ಘೋಷಿಸಿ, 1929ರಲ್ಲಿ ಲೋಕದ ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕರನ್ನಾಗಿ ಮಾಡಿದರು.

ಓದಿನಲ್ಲಿ ಹಿಂದುಳಿದ ಈ ಗುರು ಇಡೀ ಹಳ್ಳಿಗೆ ಕಲಿಸಿದ ಪಾಠ ಸರಳವಾದುದು. ಆರು ದಿನಗಳ ದುಡಿಮೆ ನಮ್ಮನ್ನು ಪೋಷಿಸುತ್ತದೆ; ಏಳರಲ್ಲಿ ಒಂದು ದಿನವನ್ನು ದೇವರಿಗೆ ಒಪ್ಪಿಸಿದಾಗ, ನಮ್ಮನ್ನು ಪೋಷಿಸುವವರು ಯಾರೆಂಬುದು ನೆನಪಿನಲ್ಲಿ ಉಳಿಯುತ್ತದೆ. ಬರುವ ಭಾನುವಾರ ಮನೆಮಂದಿಯೆಲ್ಲ ಒಟ್ಟಿಗೆ ಬಲಿಪೂಜೆಗೆ ಹೋಗಿ, ಒಟ್ಟಿಗೆ ಊಟಕ್ಕೆ ಕುಳಿತು, ಒಬ್ಬ ರೋಗಿಯನ್ನೋ ವೃದ್ಧರನ್ನೋ ಕಂಡು ಬರೋಣ. ಸಂತ ಜಾನ್ ಮರಿಯ ವಿಯಾನ್ನಿಯವರು ನಮ್ಮ ಗುರುಗಳಿಗಾಗಿಯೂ ನಮ್ಮ ಕುಟುಂಬಗಳಿಗಾಗಿಯೂ ಪ್ರಾರ್ಥಿಸಲಿ.