ಚಿತ್ರ ಬಾರದವನು ಕಂಡ ಆಕಾರ

ನೆಟ್ಟಗೆ ಒಂದು ಚಿತ್ರ ಬಿಡಿಸಲು ಬಾರದವನು ಆಕಾರಗಳ ಗಣಿತವನ್ನೇ ಬದಲಿಸಿಬಿಟ್ಟ ಎಂದರೆ ನಂಬುತ್ತೀರಾ? ಬಿಎಸ್ಸಿ ಓದುತ್ತಿರುವ ನನಗೆ ಅಚ್ಚುಮೆಚ್ಚಿನ ಗಣಿತಜ್ಞ ಹೆನ್ರಿ ಪ್ವಾಂಕರೆ ಅಂಥವನು.

1854ರಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ಹುಟ್ಟಿದ. ಐದನೇ ವಯಸ್ಸಿಗೆ ಗಂಟಲಮಾರಿ ಬಂದು ತಿಂಗಳುಗಟ್ಟಲೆ ನರಳಿದ. ದೃಷ್ಟಿ ಮಂದ. ಬೋರ್ಡು ಸರಿಯಾಗಿ ಕಾಣದೆ, ಪಾಠ ಕೇಳಿ ಮನಸ್ಸಿನಲ್ಲೇ ಚಿತ್ರಿಸಿಕೊಂಡು ಕಲಿತ.

ಮೊದಲ ನೌಕರಿ ಗಣಿ ಎಂಜಿನಿಯರ್‌ನದು. ಆ ಕೆಲಸದ ಅಪಾಯ ಎಂಥದ್ದೆಂದು ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯವರಿಗೆ ಹೇಳಬೇಕಿಲ್ಲ. 1879ರಲ್ಲಿ ಕಲ್ಲಿದ್ದಲು ಗಣಿಯೊಂದು ಸ್ಫೋಟಿಸಿ ಕಾರ್ಮಿಕರು ಸತ್ತಾಗ ಪ್ವಾಂಕರೆ ಕೆಳಗಿಳಿದು ತನಿಖೆ ಮಾಡಿದ. ಗುದ್ದಲಿ ತಾಗಿ ತೂತಾದ ಒಂದು ದೀಪವೇ ಕಾರಣ ಎಂದು ಪತ್ತೆ ಹಚ್ಚಿದ.

ಮರುವರ್ಷ ಕುತಾನ್ಸ್ ಎಂಬ ಊರಲ್ಲಿ ಕುದುರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣವೇ ಅವನಿಗೆ ಹೊಳೆಯಿತು: ತಾನು ಬಿಡಿಸುತ್ತಿದ್ದ ಸಮೀಕರಣಗಳ ಹಿಂದೆ ಇರುವುದು ಋಣ ವಕ್ರತೆಯ ಜ್ಯಾಮಿತಿ! ಎರಡು ಗುಡ್ಡಗಳ ನಡುವಿನ ತಗ್ಗು ನೋಡಿದ್ದೀರಲ್ಲ? ಆ ಕಡೆ ಈ ಕಡೆ ಏರು, ಹಿಂದೆ ಮುಂದೆ ಇಳಿಜಾರು. ಎಲ್ಲೆಡೆ ಹಾಗೆ ಬಾಗಿದ ಜಾಗದಲ್ಲಿ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ.

1895ರಲ್ಲಿ ಅವನು ಕೊಟ್ಟದ್ದು ಫಂಡಮೆಂಟಲ್ ಗ್ರೂಪ್. ಪಠ್ಯ ಓದಿದರೆ ತಲೆ ತಿರುಗುತ್ತದೆ. ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಸಿಂಧನೂರು–ಲಿಂಗಸುಗೂರು ರಸ್ತೆಯ ನಡುವೆ ನಮ್ಮ ಮಸ್ಕಿ. ಮಸ್ಕಿಯಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ, ಲಿಂಗಸುಗೂರು ಸುತ್ತಿ ಮತ್ತೆ ಗೂಟಕ್ಕೆ ಬನ್ನಿ. ಬರೀ ಬಯಲಾದರೆ ಎಳೆದಾಗ ಹಗ್ಗವೆಲ್ಲ ಕೈಗೆ ಬರುತ್ತದೆ. ಆದರೆ ಎರಡೂ ಊರಲ್ಲಿ ಮುಗಿಲು ಮುಟ್ಟುವ ಒಂದೊಂದು ಕಂಬ ಇದ್ದರೆ? ಹಗ್ಗ ಸಿಕ್ಕಿಕೊಳ್ಳುತ್ತದೆ. ಮೊದಲು ಲಿಂಗಸುಗೂರು, ಆಮೇಲೆ ಸಿಂಧನೂರು ಸುತ್ತಿದ ಹಗ್ಗವನ್ನು ನೆಲದ ಮೇಲೆ ಎಷ್ಟು ಸರಿಸಿದರೂ ತಿರುವು ಮುರುವಾಗಿ ಸುತ್ತಿದ ಹಗ್ಗವಾಗದು. ಸೈಕಲ್ ಟ್ಯೂಬಿನ ಮೇಲಾದರೆ ಹಾಗಲ್ಲ, ದಪ್ಪಕ್ಕೊಂದು, ಉದ್ದಕ್ಕೊಂದು ಸುತ್ತು ಹಾಕಿ, ಯಾವುದು ಮೊದಲಾದರೂ ಒಂದೇ. ಇಂಥ ಸುತ್ತುಗಳ ಲೆಕ್ಕವೇ ಫಂಡಮೆಂಟಲ್ ಗ್ರೂಪ್.

ಈ ಲೆಕ್ಕ ಆಕಾರದ ಬಾಗನ್ನೇ ಕಟ್ಟಿಹಾಕುತ್ತದೆ. ಅಂಚಿಲ್ಲದ ಮುಚ್ಚಿದ ಆಕಾರ ಎಲ್ಲೆಡೆ ಋಣವಾಗಿ ಬಾಗಿದ್ದರೆ, ಕ್ರಮ ಬದಲಿಸಿದರೂ ವ್ಯತ್ಯಾಸವಾಗದ ಎರಡು ಸುತ್ತುಗಳು ಒಂದೇ ಸುತ್ತಿನ ಪುನರಾವರ್ತನೆ ಆಗಿರಲೇಬೇಕು ಎಂದು 1943ರಲ್ಲಿ ಪ್ರೈಸ್‌ಮನ್ ಸಾಧಿಸಿದ. ಹಾಗಾಗಿ ಟ್ಯೂಬನ್ನು ಹೇಗೆ ಜಗ್ಗಿದರೂ ಎಲ್ಲೆಡೆ ಋಣ ವಕ್ರತೆ ತರಲಾಗದು! 1968ರಲ್ಲಿ ಮಾಸ್ಟೊ ಇನ್ನೂ ಮುಂದೆ ಹೋದ. ಮೂರು ಅಥವಾ ಹೆಚ್ಚು ಆಯಾಮದ ಎರಡು ಮುಚ್ಚಿದ ಆಕಾರಗಳಿಗೆ ಎಲ್ಲೆಡೆ ಒಂದೇ ಪ್ರಮಾಣದ ಋಣ ವಕ್ರತೆ ಇದ್ದು, ಸುತ್ತುಗಳ ಲೆಕ್ಕವೂ ಹೊಂದಿದರೆ, ಅವುಗಳ ಅಳತೆಯೂ ಒಂದೇ. ಇದನ್ನೆಲ್ಲ ನೋಡಲು ಪ್ವಾಂಕರೆ ಇರಲಿಲ್ಲ. 1912ರಲ್ಲಿ, 58ನೇ ವಯಸ್ಸಿಗೇ ತೀರಿಕೊಂಡಿದ್ದ.

ಗಣಿತ ಓದಿ ಏನು ಮಾಡ್ತೀಯವ್ವ, ಬಿ.ಇಡಿ ಮಾಡು ಎನ್ನುತ್ತಾರೆ ಮನೆಯಲ್ಲಿ. ಅವರ ಚಿಂತೆ ಸುಳ್ಳಲ್ಲ, ಎಂಎಸ್ಸಿಗೆ ದೂರದೂರಿಗೆ ಹೋಗಬೇಕು, ಖರ್ಚಿದೆ. ಆದರೂ ಅರ್ಜಿ ತುಂಬಿದ್ದೇನೆ. ಕಣ್ಣಿಗೆ ಕಾಣದ್ದನ್ನು ಸುತ್ತಿ ಸುತ್ತಿಯೇ ತಿಳಿಯಬಹುದು ಎಂದು ಕಲಿಸಿದವನು ಪ್ವಾಂಕರೆ. ನನ್ನದೂ ಒಂದು ಸುತ್ತು ಆಗಿಬಿಡಲಿ.